ಅಂಚೆಯಲ್ಲಿ ಹೋದ ಲಗ್ನಪತ್ರಿಕೆ

ನೀವು ಕೊನೆಯ ಬಾರಿ ಅಂಚೆ ಕಚೇರಿಯ ಮೆಟ್ಟಿಲು ಹತ್ತಿದ್ದು ಯಾವಾಗ? ಅವಸರದಲ್ಲಿ ಉತ್ತರ ಕೊಡಬೇಡಿ. ಅದರ ಜಗಲಿಯಲ್ಲಿ ಮಳೆಗೆ ನಿಂತದ್ದು, ಅದರ ಗೋಡೆಗೆ ಬೈಕು ಒರಗಿಸಿ ಎದುರಿನ ಅಂಗಡಿಯಲ್ಲಿ ಟೀ ಕುಡಿದದ್ದು ಲೆಕ್ಕಕ್ಕೆ ಬರುವುದಿಲ್ಲ. ಈ ಪ್ರಶ್ನೆಯನ್ನು ಈಚೆಗೆ ನಾನು ಹಲವು ಸಭೆಗಳಲ್ಲಿ ಕೇಳಿದ್ದೇನೆ. ಕೇಳಿದಾಗಲೆಲ್ಲ ಸಭೆ ಸ್ತಬ್ಧವಾಗಿದೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಸಭೆಯ ಮೌನವೆಂದರೆ ವಾದ ನಾಟಿದ್ದರ ಗುರುತು. ನನ್ನ ಹೆಂಡತಿ ಸುಮತಿಯ ಪ್ರಕಾರ ಅದು ಕಾಫಿ ಯಾವಾಗ ಬರುತ್ತದೆಂದು ಕಾಯುವವರ ಮೌನ.

ಸುಮತಿಯ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಿಬಿಡಬೇಕು. ಕರಿಬೇವು ತರುವಂಥ ಸಣ್ಣ ವಿಷಯದಲ್ಲಿಯೂ ನಾನು 'ಮೊದಲನೆಯದಾಗಿ' ಎಂದು ಆರಂಭಿಸುವುದು ರೂಢಿ. 'ಎರಡನೆಯದಾಗಿ' ಎನ್ನುವಷ್ಟರಲ್ಲಿ ಅವಳು ಚರ್ಚಾಸ್ಪರ್ಧೆಯ ಗಂಟೆಯಂತೆ ಚಮಚದಿಂದ ಸ್ಟೀಲ್ ಲೋಟಕ್ಕೆ ಟಣ್ಣೆಂದು ಬಡಿಯುತ್ತಾಳೆ. "ಟೈಮಾಯ್ತು ರೀ, ಇಳೀರಿ. ಕರ್ಬೇವು ತರ್ತೀರೋ, ಇಲ್ಲ ಎದುರು ಕಕ್ಷಿಯೋರು ಮಾತಾಡ್ಬೇಕೋ?" ಎನ್ನುತ್ತಾಳೆ. ಎದುರು ಕಕ್ಷಿ ಮಾತಾಡಿದ ಸಂದರ್ಭಗಳಲ್ಲಿ ನಾನು ಗೆದ್ದ ದಾಖಲೆ ಇಲ್ಲ.

ನಾವಿರುವುದು ತಮಿಳುನಾಡಿನಲ್ಲಿ, ಅವಿನಾಶಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಊರಿನ ನೇಕಾರರ ಬೀದಿಯಲ್ಲಿ. ಮಗ್ಗದ ಸದ್ದಿನ ಮೇಲೆ ಕೂಗಿ ಆಡುವ ಮಾತು ಕನ್ನಡ. ಬಾಗಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಓದಬಲ್ಲವರನ್ನು ಹುಡುಕಬೇಕು. ನಾನು ಅದನ್ನು ಕಲಿತದ್ದು ಅಂಚೆಯಲ್ಲಿ ಬರುತ್ತಿದ್ದ ಪಾಠಗಳಿಂದ. ನನ್ನ ಮಾತೃಭಾಷೆ ಖಾಕಿ ಚೀಲದಲ್ಲಿ ಕಂತುಕಂತಾಗಿ ಬಂದು ನನ್ನನ್ನು ಸೇರಿತು. ಆದ್ದರಿಂದ ನಮ್ಮ ಬೀದಿಯ ಶಾಖಾ ಅಂಚೆ ಕಚೇರಿಯನ್ನು ಅವಿನಾಶಿಯ ಕಚೇರಿಯಲ್ಲಿ ವಿಲೀನಗೊಳಿಸುವ ಸುದ್ದಿ ಬಂದಾಗ, ಯಾರೋ ನನ್ನ ಶಾಲೆಗೆ ಬೀಗ ಹಾಕುತ್ತಿದ್ದಾರೆ ಎನ್ನಿಸಿತು.

ಸುದ್ದಿ ತಂದವರು ಭಾಗ್ಯಕ್ಕ. ನಮ್ಮ ಕಚೇರಿಯ ಮುದ್ರೆ ಒತ್ತುವವರೂ ಅವರೇ, ಕಾಗದ ಹಂಚುವವರೂ ಅವರೇ. ಒಂದು ತಿಂಗಳು ವಹಿವಾಟನ್ನು ಗಮನಿಸುತ್ತಾರಂತೆ. ಸಾಲದಿದ್ದರೆ ಬೋರ್ಡು ಇಳಿಸುತ್ತಾರಂತೆ. ಹಾಗಾದರೆ ಪಿಂಚಣಿಗೆಂದು ಕೋಲೂರಿಕೊಂಡು ಬರುವ ನನ್ನ ತಾಯಿಯಂಥವರೆಲ್ಲ ಅವಿನಾಶಿಯ ಬಸ್ಸಿನಲ್ಲಿ ನೇತಾಡಬೇಕು.

"ಹೋಗೋ ಕಾಗ್ದಾನೂ ಲೆಕ್ಕ, ಬರೋ ಕಾಗ್ದಾನೂ ಲೆಕ್ಕ ತಂಬಿ," ಎಂದರು ಭಾಗ್ಯಕ್ಕ. "ಆದ್ರೆ ಬರೆಯೋರ್ ಯಾರು? ನಮ್ ಬೀದಿ ಜನಾನ ಇನ್ನೂ ಜ್ಞಾಪಕ ಇಟ್ಕೊಂಡಿರೋದು ಬ್ಯಾಂಕ್‌ನೋರು ಮಾತ್ರ."

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಅಂಚೆ ಉಳಿಸುವ ಸಮಿತಿಯೊಂದನ್ನು ರಚಿಸಿ, ಅಧ್ಯಕ್ಷ ಸ್ಥಾನಕ್ಕೆ ನನ್ನನ್ನು ಅವಿರೋಧವಾಗಿ ಆರಿಸಿಕೊಂಡು, ನಮ್ಮ ಭಾಗದ ನಾಯಕರೊಬ್ಬರನ್ನು ಸಭೆಗೆ ಕರೆದೆ. ಚುನಾವಣೆಗೆ ಮುಂಚೆ ದೇಶದ ನಷ್ಟಕ್ಕೆಲ್ಲ ಇಂಥ ಸಣ್ಣ ಕಚೇರಿಗಳೇ ಕಾರಣವೆಂದು ಭಾಷಣ ಮಾಡಿದ್ದವರು ಅವರೇ. ಈಗ ವಿರೋಧ ಪಕ್ಷದಲ್ಲಿರುವುದರಿಂದ ಅವರ ಕಣ್ಣಿನಲ್ಲಿ ನೀರೇ ಬಂತು. ನಾನು ಕೇಳಿದೆ: ಮಂತ್ರಿಗಳ ಹಿಂದೆ ಓಡುವ ಕಾರುಗಳ ಸಾಲು ಲಾಭದಲ್ಲಿದೆಯೆ? ಶಿಲಾನ್ಯಾಸದ ಕಲ್ಲುಗಳು ಲಾಭದಲ್ಲಿವೆಯೆ? ಮುದುಕಿಯೊಬ್ಬಳ ಕೈಗೆ ಒಂದು ಕಾಗದ ತಲುಪಿಸುವುದು ಮಾತ್ರ ಏಕೆ ಲಾಭ ತೋರಿಸಬೇಕು? ಸಭೆ ಎಂದಿನಂತೆ ಸ್ತಬ್ಧವಾಯಿತು. ನಾಯಕರು ಎದ್ದು, ತಮ್ಮ ಉಸಿರಿರುವವರೆಗೆ ಈ ಬೋರ್ಡನ್ನು ಇಳಿಸಲು ಬಿಡುವುದಿಲ್ಲವೆಂದು ಘೋಷಿಸಿ, ಹಾರ ಹಾಕಿಸಿಕೊಂಡು ಇಳಿದರು. ಕಾರು ಹತ್ತುವಾಗ ನನ್ನ ಕಿವಿಯಲ್ಲಿ ಹೇಳಿದರು: "ಮನವಿ ಒಂದು ಬರೆದು ಕಳಿಸಿ ಸಾರ್. ಕೊರಿಯರ್‌ನಲ್ಲಿ ಹಾಕಿ, ಬೇಗ ಸಿಗುತ್ತೆ."

ನಾಯಕರನ್ನು ನಂಬಿದರೆ ಕೆಡುತ್ತೇವೆಂದು ನಾನೇ ದಾರಿ ಹುಡುಕಿದೆ. ಆ ತಿಂಗಳಲ್ಲಿಯೇ ನನ್ನ ಸೋದರಮಾವ ರಂಗಸಾಮಿಯವರ ಮಗಳು ಕವಿತಾಳ ಮದುವೆ ಗೊತ್ತಾಗಿತ್ತು. ನಮ್ಮ ನೆಂಟರು ಮದುಕ್ಕರೈನಿಂದ ಪೊಳ್ಳಾಚಿಯವರೆಗೆ ಹರಡಿದ್ದಾರೆ. ಅಷ್ಟೂ ಲಗ್ನಪತ್ರಿಕೆಗಳು ನಮ್ಮ ಕಚೇರಿಯಿಂದ ಹೊರಟರೆ ಯಾವ ಲೆಕ್ಕ ತಾನೆ ಕಡಿಮೆ ಬಿದ್ದೀತು?

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ಲಗ್ನಪತ್ರಿಕೆಯನ್ನು ಮನೆಯ ಹಿರಿಯರು ದಂಪತಿಯಾಗಿ ಹೋಗಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಕುಂಕುಮ ಕೊಟ್ಟು, ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು. ಒಂದು ಹೆಸರು ಬಿಟ್ಟುಹೋದರೆ ಆ ಒಬ್ಬರು ಬರುವುದಿಲ್ಲ. ಅಂಚೆಯಲ್ಲಿ ಬಂದರೆ ಇಡೀ ಮನೆ ಬರುವುದಿಲ್ಲ. ಈ ಪದ್ಧತಿ ನನಗೆ ಗೊತ್ತಿತ್ತು. ಆದರೆ ಸುಧಾರಕನಿಗೆ ಪದ್ಧತಿಯೆಂದರೆ ಎದುರು ಕಕ್ಷಿ.

"ತಪಾಲ್‌ನಲ್ಲಿ ಪತ್ರಿಕೆಯಾ?" ಎಂದು ಮಾವ ಮಗ್ಗ ನಿಲ್ಲಿಸಿದರು. "ಸಾವಿನ್ ಸುದ್ದೀನೇ ಆಳ್ ಕಳ್ಸಿ ಹೇಳೋ ಜನ ನಾವು, ವಾದ್ಯಾರೇ." ಕಾಲೇಜಿನಲ್ಲಿ ಪಾಠ ಹೇಳುವವನಾದ್ದರಿಂದ ನಾನು ನಮ್ಮ ಕುಲಕ್ಕೆಲ್ಲ ವಾದ್ಯಾರು.

ನಾನು ರಾಷ್ಟ್ರದ ಸಂಸ್ಥೆಗಳ ಮಹತ್ವವನ್ನು ವಿವರಿಸಿದೆ. ಮಾವ ಕದಲಲಿಲ್ಲ. ಕೊನೆಗೆ, ಮಂಡಿ ನೋವಿನಲ್ಲಿ ಇಷ್ಟು ಮೆಟ್ಟಿಲು ಹೇಗೆ ಹತ್ತುತ್ತೀರಿ ಎಂದು ಸುಮ್ಮನೆ ಕೇಳಿದೆ. ಮಾವ ಮಂಡಿ ಸವರಿಕೊಂಡರು. "ಪೊಳ್ಳಾಚಿ ಚಿನ್ನಮ್ಮಕ್ಕನ ಮನೆ ಮೂರನೇ ಮಹಡಿ ಮೇಲೆ ಅದೆ. ಸರಿ, ಹಾಕು. ಯಾರಾದ್ರೂ ಕೇಳಿದ್ರೆ ನಿನ್ ಹೆಸ್ರೇ ಹೇಳೋದು." ನನ್ನ ಚರ್ಚಾಜೀವನದ ಈ ದೊಡ್ಡ ಗೆಲುವು ನಿಜವಾಗಿ ಮಂಡಿಯದು.

ವಿಳಾಸಗಳನ್ನೆಲ್ಲ ನಾನೇ ತಮಿಳಿನಲ್ಲಿ ಬರೆದೆ. ಕಳುಹಿಸಿದವರ ಜಾಗದಲ್ಲಿ ನನ್ನ ವಿಳಾಸ ಹಾಕಿದೆ. ಪ್ರತಿ ಲಕೋಟೆಯೊಳಗೂ ಅಂಚೆಯನ್ನು ಏಕೆ ಉಳಿಸಬೇಕೆಂಬ ನನ್ನ ವಾದದ ಒಂದು ಚೀಟಿಯನ್ನು ಅಚ್ಚ ಕನ್ನಡ ಲಿಪಿಯಲ್ಲಿ ಮುದ್ರಿಸಿ ಇಟ್ಟೆ. ಅದನ್ನು ಓದಬಲ್ಲವನು ನಮ್ಮ ಬಂಧುಬಳಗದಲ್ಲಿ ನಾನೊಬ್ಬನೇ ಎಂಬುದು ಮುದ್ರಿಸಿದ ಮೇಲೆ ಹೊಳೆಯಿತು. ಮದುಕ್ಕರೈನ ನನ್ನ ಷಡ್ಡಕರು ಅದನ್ನು ಯಾವುದೋ ಮಂತ್ರವೆಂದು ತಿಳಿದು ದೇವರ ಪಟದ ಹಿಂದೆ ಸಿಕ್ಕಿಸಿದ್ದಾರೆ. ಚೀಟಿಗೆ ದೊರೆತ ಏಕೈಕ ಗೌರವ ಅದು.

ಉಳಿದವರು ಲಕೋಟೆಯನ್ನು ಒಡೆಯಲೂ ಇಲ್ಲ. ಮೂಲೆಗೆ ಹಚ್ಚಿದ ಅರಿಶಿನ ನೋಡಿಯೇ ಲಗ್ನಪತ್ರಿಕೆಯೆಂದು ತಿಳಿದು, ಬಾಗಿಲಿಗೆ ಬಂದ ಅಂಚೆಯವರ ಕೈಯಲ್ಲೇ 'ಬೇಡ' ಎಂದು ಹಿಂದಿರುಗಿಸಿದರು. ಒಂದು ವಾರದ ಮೇಲೆ ಭಾಗ್ಯಕ್ಕನ ಚೀಲ ಉಬ್ಬಿಕೊಂಡು ಬರತೊಡಗಿತು. ಹಿಂದಿರುಗಿದ ಲಕೋಟೆಗಳ ಜೊತೆಗೆ ಬೈಗುಳದ ಕಾಗದಗಳೂ ಬಂದವು. ಜೀವಮಾನದಲ್ಲಿ ಕಾಗದ ಬರೆಯದವರು ನನಗಾಗಿ ಪೆನ್ನು ಹುಡುಕಿದ್ದರು. ತಮಿಳು ಅಕ್ಷರದಲ್ಲಿ ಮನೆಯ ಕನ್ನಡ ಇಷ್ಟು ಖಾರವಾಗಿ ಹರಿಯಬಲ್ಲದೆಂದು ನನಗೆ ತಿಳಿದಿರಲಿಲ್ಲ. ಪೊಳ್ಳಾಚಿಯ ಚಿನ್ನಮ್ಮ ದೊಡ್ಡಮ್ಮ ಬೇಕೆಂದೇ ಕಾರ್ಡು ಬರೆದಿದ್ದರು, ದಾರಿಯಲ್ಲಿ ನಾಲ್ಕು ಜನ ಓದಲಿ ಎಂದು: "ವಾದ್ಯಾರೇ, ಬಿಲ್ ಕಳ್ಸಿದಂಗೆ ಮದ್ವೆಗೆ ಕರೀತೀಯಲ್ಲ, ನಾನೇನ್ ಕರೆಂಟ್ ಕಟ್ಟದೆ ಬಿಟ್ಟಿದ್ದೀನಾ? ಬಾಗ್ಲಿಗೆ ಬಂದು ಕುಂಕುಮ ಕೊಡೋಕೆ ನಿನಗೂ ಮಂಡಿ ನೋವಾ?"

ಓದಿದ ನಾಲ್ವರಲ್ಲಿ ಭಾಗ್ಯಕ್ಕನೂ ಒಬ್ಬರು. "ಬಯ್ಯಲಿ ಬಿಡು ತಂಬಿ. ಎಲ್ಲಾನೂ ಲೆಕ್ಕಕ್ಕೆ ಸೇರ್‍ತದೆ," ಎಂದು ಸಮಾಧಾನ ಹೇಳಿದರು.

ಮದುವೆ ಉಳಿಯಬೇಕಾಗಿತ್ತು. ಸುಮತಿ ತಟ್ಟೆ ಹಿಡಿದಳು, ನಾನು ಕುಂಕುಮದ ಭರಣಿ ಹಿಡಿದೆ. ಬಸ್ಸಿನ ಮೇಲೆ ಬಸ್ಸು ಹತ್ತಿ ಮನೆಮನೆಗೂ ಹೋದೆವು. ಪ್ರತಿ ಮನೆಯಲ್ಲಿಯೂ ನಾನು ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು. ಹೆಸರು ತಡವರಿಸಿದಾಗ ಸುಮತಿ ಕಿವಿಯಲ್ಲಿ ಹೇಳಬೇಕು. ಮೂರನೇ ಮಹಡಿಯಲ್ಲಿ ಚಿನ್ನಮ್ಮ ದೊಡ್ಡಮ್ಮ ಕುಂಕುಮ ಇಟ್ಟುಕೊಂಡು, ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ, "ಈಗ ತಲುಪ್ತು," ಎಂದರು.

ಎಲ್ಲರೂ ಮದುವೆಗೆ ಬಂದರು. ನನ್ನನ್ನು ಎದುರಿಗೆ ಬಯ್ಯುವ ಅವಕಾಶ ಬಿಡಲು ಯಾರಿಗೂ ಮನಸ್ಸಿರಲಿಲ್ಲ. ತಿಂಗಳ ಲೆಕ್ಕ ಮೇಲಿನವರನ್ನು ಬೆರಗುಗೊಳಿಸಿತಂತೆ. ಮುಂದಿನ ಪರಿಶೀಲನೆಯವರೆಗೆ ಬೋರ್ಡು ಇಳಿಯುವುದಿಲ್ಲ. ನನ್ನ ವಾದದಿಂದ ಉಳಿಯದ ಕಚೇರಿ ನನ್ನ ಮೇಲಿನ ಕೋಪದಿಂದ ಉಳಿಯಿತು.

ನಾಯಕರು ಕೂಡಲೇ ವಿಜಯೋತ್ಸವ ಏರ್ಪಡಿಸಿದರು, ತಮ್ಮದೇ ಹೋರಾಟದ ವಿಜಯಕ್ಕೆ. ಆಮಂತ್ರಣವನ್ನು ಭಾಗ್ಯಕ್ಕ ತಂದುಕೊಟ್ಟರು. ಅಂಚೆಚೀಟಿ ನೋಡಿದ ಕೂಡಲೇ ನನ್ನ ಮೈ ಉರಿಯಿತು. ನಾಯಕರ ಕಚೇರಿ ಇರುವುದು ಪಕ್ಕದ ಬೀದಿಯಲ್ಲಿ. ಸಮಿತಿಯ ಅಧ್ಯಕ್ಷನನ್ನು ಕರೆಯಲು ಒಬ್ಬರಾದರೂ ಮನೆಗೆ ಬರಬಾರದೆ? ಒಂದು ಮರ್ಯಾದೆ ಬೇಡವೆ? "ಮೊದಲನೆಯದಾಗಿ," ಎಂದು ಆರಂಭಿಸಿದೆ.

ಒಳಗಿನಿಂದ ಲೋಟ ಟಣ್ಣೆಂದಿತು.

ಭಾಗ್ಯಕ್ಕ ಬಾಗಿಲಲ್ಲೇ ನಿಂತಿದ್ದರು. "ಬೇಡ ಅಂತೀಯಾ ತಂಬಿ? ಬರ್ದುಕೊಡು, ವಾಪಸ್ ತಗೊಂಡೋಗ್ತೀನಿ. ಅದೂ ಲೆಕ್ಕಕ್ಕೆ ಸೇರ್‍ತದೆ."

ಬರೆದುಕೊಟ್ಟೆ.

ಮುಂದಿನ ಪರಿಶೀಲನೆ ಬಂದೇ ಬರುತ್ತದೆ. ಅಷ್ಟರಲ್ಲಿ ನಮ್ಮ ಮನೆತನದಲ್ಲಿ ಇನ್ನೊಂದು ಮದುವೆಯಿಲ್ಲ; ಇದ್ದರೂ ಪತ್ರಿಕೆಯನ್ನು ನನ್ನ ಕೈಗೆ ಯಾರೂ ಕೊಡುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಈ ವಾರ ನಿಮ್ಮ ಊರಿನ ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡು ಯಾರಿಗಾದರೂ ಬರೆಯಿರಿ. ಕುಶಲ ಕೇಳಿ, ಜಗಳವಾಡಿ, ಏನಾದರೂ ಬರೆಯಿರಿ. ಮದುವೆಗೆ ಕರೆಯಲು ಮಾತ್ರ ನೀವೇ ಹೋಗಿ.