ನಾನು ಏಳುವ ರೀತಿ

ಮುದುಕರು ಕುರ್ಚಿಯಿಂದ ಏಳುವುದು ಅವರವರ ಸ್ವಂತ ವಿಷಯ ಎಂದು ಇಷ್ಟು ವರ್ಷ ನಂಬಿದ್ದೆ. ಕಾಪುವಿನ ನಮ್ಮ ಮನೆಯಲ್ಲಿ ಆ ನಂಬಿಕೆಯೂ ಉಳಿಯಲಿಲ್ಲ. ತಂಗಿಯ ಮಗಳು ದೀಕ್ಷಾ ನೃತ್ಯ ಸಂಯೋಜಕಿ. ಅವಳು ಭರತನಾಟ್ಯ ಮಾಡುತ್ತಿದ್ದಾಗ ಊರಿಡೀ ಹೊಗಳಿಕೊಂಡು ತಿರುಗಿದವನು ನಾನೇ. ಈಗ ಗೆಜ್ಜೆ ಬಿಚ್ಚಿಟ್ಟು, ಚಾವಡಿಯ ಸಾಮಾನನ್ನೆಲ್ಲ ಅಂಗಳಕ್ಕೆ ಸಾಗಿಸಿ, ತಂಡ ಕಟ್ಟಿಕೊಂಡು ನೆಲದ ಮೇಲೆ ಹೊರಳುತ್ತಾಳೆ. ಸಮಕಾಲೀನ ನೃತ್ಯವಂತೆ! ಹೊರಗೆ ಹೋಗಿ ಹೊರಳು ಎನ್ನುವ ಹಾಗಿಲ್ಲ. ನಮ್ಮ ಅಳಿಯಕಟ್ಟಿನಲ್ಲಿ ಮನೆ ತಂಗಿಗೂ ಅವಳ ಮಕ್ಕಳಿಗೂ ಸೇರಿದ್ದು. ನಾನು ಯಜಮಾನನೆಂಬುದು ಬರೀ ಮಾತಿಗೆ. ನನ್ನ ಕುರ್ಚಿಯೊಂದನ್ನು ಮಾತ್ರ ಅವಳು ಕದಲಿಸಿರಲಿಲ್ಲ. ಗೌರವವೆಂದುಕೊಂಡೆ.

"ಮಾವ, ಒಮ್ಮೆ ಎದ್ದು ನಿಲ್ಲಿ" ಎಂದಳು ಒಂದು ದಿನ.

"ಎಂತಕ್ಕೆ? ನೆಂಟರು ಬಂದರಾ?"

"ಇಲ್ಲ, ನೋಡ್ಲಿಕ್ಕೆ. ನೀವು ಏಳುವಾಗ ಮೊದಲು ಮೂಗು ಹೋಗ್ತದೆ, ಆಮೇಲೆ ನೀವು."

"ನಾಟ್ಯ ಮಾಡ್ಲಿಕ್ಕೆ ನಿನಗೆ ಕೃಷ್ಣ ಸಾಕಾಗಲಿಲ್ಲವಾ ಮಾರಾಯ್ತಿ?"

"ಕೃಷ್ಣನಿಗೆ ಮಂಡಿನೋವು ಇಲ್ಲ ಅಲ್ವಾ ಮಾವ!"

ಮಣಿಪಾಲದ ಪ್ರದರ್ಶನದಲ್ಲಿ ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದಳು. ಪರದೆ ಸರಿಯಿತು. ವೇದಿಕೆಯ ಮೇಲೆ ಎಲ್ಲರೂ ನನ್ನಂತೆಯೇ ಏಳುತ್ತಿದ್ದಾರೆ! ತೊಡೆಗೆ ಕೈ, ಅರ್ಧಕ್ಕೆ ನಿಂತು ಒಂದು ಯೋಚನೆ, ಲುಂಗಿ ಸರಿಪಡಿಸುವುದು. ಒಬ್ಬನಂತೂ ನನ್ನ "ಅಯ್ಯಬ್ಬ"ವನ್ನೂ ಬಿಡಲಿಲ್ಲ. ಹಿಂದೆ ಯಾರೋ ನಕ್ಕರು. ನನ್ನ ಪಿತ್ತ ನೆತ್ತಿಗೇರಿತು. ತಪ್ಪೊಪ್ಪಿಗೆ ಇಲ್ಲಿದೆ: ಇದಕ್ಕಾಗಿ ಅವಳು ಕಾಲೇಜಿನ ಕೆಲಸವನ್ನೇ ಬಿಟ್ಟಿದ್ದಾಳೆಂದು ಗೊತ್ತಿದ್ದೂ, "ನಿಲ್ಲಿಸಿ" ಎಂದು ಕೂಗಿ ಆಟ ಕೆಡಿಸಲು ಎದ್ದೆ. ಆದರೆ ನಾನು ಏಳುವುದೆಂದರೆ ಹೇಗೆಂದು ಈಗ ನಿಮಗೂ ಗೊತ್ತು. ಅರ್ಧಕ್ಕೆ ನಿಂತೆ. ವೇದಿಕೆಯವರೂ ಅರ್ಧಕ್ಕೇ ನಿಂತಿದ್ದರು. ದೀಪದವನು ಬೆಳಕನ್ನು ನನ್ನ ಮೇಲೆ ಬಿಟ್ಟ. ಸಭೆಯಿಡೀ ಚಪ್ಪಾಳೆ! ಕೂಗಬೇಕಾದ್ದು ಮರೆತು ಕೈಮುಗಿದೆ.

"ಎಷ್ಟು ಚಂದ ಎದ್ದಿರಿ ಮಾವ! ಕಾರ್ಕಳದಲ್ಲಿಯೂ ಬರಬೇಕು ಆಯ್ತಾ?" ಎಂದು ದೀಕ್ಷಾ ಕೈ ಹಿಡಿದುಕೊಂಡು ಅತ್ತಳು. ನಿನ್ನ ಆಟ ಕೆಡಿಸಲು ಎದ್ದೆನಮ್ಮಾ ಎನ್ನುವ ಬದಲು ಆಯ್ತೆಂದು ತಲೆಯಾಡಿಸಿದೆ.

ಕಾರ್ಕಳಕ್ಕೆಂದು ಲುಂಗಿ ಇಸ್ತ್ರಿ ಮಾಡಿಸಿದೆ. ಕನ್ನಡಿಯ ಮುಂದೆ ಎದ್ದೆ, ಕುಳಿತೆ, ಸಣ್ಣದೊಂದು ನಿಟ್ಟುಸಿರನ್ನೂ ಸೇರಿಸಿದೆ. ಮನಸ್ಸು ಕೊರೆಯುತ್ತಲೇ ಇತ್ತು. ಚಾವಡಿಯಲ್ಲಿ ತಂಡದ ಅಭ್ಯಾಸವಿದ್ದ ದಿನ, ಅದು ಮುಗಿದೊಡನೆ ನಿಜ ಹೇಳಿ ಕ್ಷಮೆ ಕೇಳುವುದೆಂದು ನಿಶ್ಚಯಿಸಿದೆ. ಅಭ್ಯಾಸದಲ್ಲಿ ನಾನು ಏಳುವುದನ್ನು ದೀಕ್ಷಾ ಎರಡೆರಡು ಸಲ ಮಾಡಿಸಿ ನೋಡಿದಳು.

"ಬೇಡ ಮಾವ. ನೀವೀಗ ಏಳುವುದಿಲ್ಲ, ಆ್ಯಕ್ಟಿಂಗ್ ಮಾಡ್ತೀರಿ."

ನನ್ನ ಪಾತ್ರ ಮೀಸೆ ಮೂಡದ ಹುಡುಗನಿಗೆ ಹೋಯಿತು. ನಾನಾಗಲು ನಾನು ಸಾಲದಂತೆ! ಇನ್ನು ಕ್ಷಮೆಯ ಮಾತು ಅವಳೇ ಮೊದಲು ಎತ್ತಲಿ.