ಕೂತೇ ಇದ್ದೀರಿ ಎಂದ ಕೈಗಡಿಯಾರಕ್ಕೆ

ನನ್ನ ಎಡಗೈ ಮಣಿಕಟ್ಟಿನ ಮೇಲೆ ಮೂರು ತಿಂಗಳಿಂದ ಬಿಜಯಂಗೈದಿರುವ, ನಾಡಿಪರೀಕ್ಷೆಯಲ್ಲಿ ನಿಪುಣರೂ ಹೆಜ್ಜೆ ಎಣಿಸುವುದರಲ್ಲಿ ಪ್ರವೀಣರೂ ಕ್ಯಾಲೊರಿ ವಿಷಯದಲ್ಲಿ ಕೊನೆಯ ಮಾತಿನವರೂ ಆದ ಫಿಟ್‌ನೆಸ್ ಗಡಿಯಾರ ಮಹಾಶಯರ ಸನ್ನಿಧಿಗೆ, ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಗಾಡಿ ತಳ್ಳುತ್ತಿರುವ ಹೆಂಗಸು ನಾಲ್ಕು ಜನ ಓದಲೆಂದು ಬರೆದ ಅರಿಕೆ.

ಮಾನ್ಯರೇ,

ಮೊದಲಿಗೆ ತಮ್ಮ ಪಟ್ಟಿಗೆ ನಮಸ್ಕಾರ. ತಮಗೆ ಪಾದಗಳಿಲ್ಲದ ಕಾರಣ ಪಾದಕ್ಕೆ ನಮಸ್ಕರಿಸುವ ಭಾಗ್ಯ ನನಗಿಲ್ಲ. ಹಾಗಿದ್ದೂ ಊರವರ ಹೆಜ್ಜೆಗಳನ್ನೆಲ್ಲ ತಾವೇ ಎಣಿಸುತ್ತೀರಿ ಎಂಬುದು ತಮ್ಮ ದೊಡ್ಡಸ್ತಿಕೆ. ಈ ಬೆಳಗ್ಗೆ ತಮ್ಮ ಚಾರ್ಜು ನೂರಕ್ಕೆ ತೊಂಬತ್ತೆರಡು ಇರುವುದನ್ನು ಕಂಡು, ತಾವು ಕ್ಷೇಮವಾಗಿದ್ದೀರೆಂದು ತಿಳಿದು ಸಂತೋಷವಾಯಿತು. ಇತ್ತ ನಾನೂ ಕ್ಷೇಮ, ಸೊಂಟವೊಂದನ್ನು ಬಿಟ್ಟು.

ತಾವು ನಮ್ಮ ಮನೆಗೆ ಒಬ್ಬರೇ ಬಂದವರಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಮಗಳು, ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿದೆ ಎಂಬ ಕಾಳಜಿಯಿಂದ ತಮ್ಮನ್ನೂ ತಮ್ಮ ಅವಳಿ ಸಹೋದರರನ್ನೂ ಒಂದೇ ದಿನ ತಂದು ಊಟದ ಮೇಜಿನ ಮೇಲಿಟ್ಟಳು. ತಾವು ನನ್ನ ಪಾಲಿಗೆ ಬಂದಿರಿ, ಸಹೋದರರು ನಮ್ಮ ಯಜಮಾನರ ಪಾಲಿಗೆ ಹೋದರು. ಮಗಳು ಇಬ್ಬರ ವಯಸ್ಸು, ಎತ್ತರ, ತೂಕ ಕೇಳಿ ಕೇಳಿ ತಮಗೆ ಒಪ್ಪಿಸಿದಳು. ಇಲ್ಲಿ ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ತೂಕ ಕೇಳಿದಾಗ ನಾನು ಮದುವೆಯ ವರ್ಷದ ತೂಕವನ್ನು ಹೇಳಿಬಿಟ್ಟೆ. ಅಳಿಯನೂ ಅಲ್ಲೇ ಕೂತಿದ್ದ, ಇನ್ನೇನು ಹೇಳಲಿ. ಆ ಒಂದು ಸುಳ್ಳಿಗೆ ಎಷ್ಟು ಕ್ಯಾಲೊರಿ ಕಡಿತ ಮಾಡಬೇಕೋ ಮಾಡಿಕೊಳ್ಳಿ, ನನ್ನ ತಕರಾರಿಲ್ಲ. ತಕರಾರಿರುವುದು ಉಳಿದದ್ದರ ಬಗ್ಗೆ.

ನಮ್ಮ ಯಜಮಾನರು ಟ್ರಾಫಿಕ್ ಪೊಲೀಸಿನವರು. ನಾಲ್ಕು ರಸ್ತೆ ಕೂಡುವಲ್ಲಿ, ಕೊಡೆಯ ಕೆಳಗಿನ ದುಂಡು ಕಟ್ಟೆಯ ಮೇಲೆ ನಿಂತು, ಇತ್ತ ಬನ್ನಿ, ಅತ್ತ ಹೋಗಿ, ನೀನು ನಿಲ್ಲಯ್ಯ ಎಂದು ದಿನಕ್ಕೆ ಎಂಟು ಗಂಟೆ ಕೈ ಬೀಸುವುದು ಅವರ ಕೆಲಸ. ಕಷ್ಟದ ಕೆಲಸವೇ, ಬಿಸಿಲು, ಹೊಗೆ, ಜನರ ಬೈಗುಳ ಎಲ್ಲವನ್ನೂ ತಿಂದುಕೊಂಡು ನಿಲ್ಲಬೇಕು, ಅಲ್ಲಗಳೆಯುವುದಿಲ್ಲ. ಆದರೆ ಅವರು ಆ ಕಟ್ಟೆಯಿಂದ ಕೆಳಗೆ ಕಾಲಿಡುವುದು ಟೀ ಕುಡಿಯಲು ಮಾತ್ರ ಎಂಬುದು ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು, ತಮ್ಮ ಸಹೋದರರೊಬ್ಬರನ್ನು ಬಿಟ್ಟು. ಮೊದಲನೆಯ ದಿನವೇ ಸಹೋದರರು ಅವರ ಒಂದೊಂದು ಕೈಬೀಸಿಗೂ ಒಂದೊಂದು ಹೆಜ್ಜೆ ಬರೆದು, ಇಪ್ಪತ್ತೆರಡು ಸಾವಿರ ಹೆಜ್ಜೆ, ಸಾವಿರದ ನೂರ ಅರವತ್ತು ಕ್ಯಾಲೊರಿ ಎಂದು ಘೋಷಿಸಿದರು. ಜೊತೆಗೆ ಪರದೆಯ ತುಂಬ ಬಣ್ಣದ ಕಾಗದದ ಚೂರುಗಳನ್ನೂ ಸುರಿಸಿದರು. ಆ ರಾತ್ರಿ ಯಜಮಾನರು ಕನ್ನಡಿಯ ಮುಂದೆ ಅಡ್ಡಡ್ಡ ನಿಂತು ಹೊಟ್ಟೆ ಒಳಗೆಳೆದು ನೋಡಿಕೊಂಡರು.

ಇನ್ನು ನನ್ನ ಕೆಲಸ. ಆಸ್ಪತ್ರೆಯ ಆರು ವಾರ್ಡುಗಳ ಹಾಸಿಗೆ ಬಟ್ಟೆಗಳನ್ನು ಗಾಡಿಗೆ ತುಂಬಿ ನೆಲಮಾಳಿಗೆಗೆ ಇಳಿಸುವುದು, ಒಗೆದು ಒಣಗಿಸಿದ್ದನ್ನು ಮತ್ತೆ ಇಳಿಜಾರಿನ ದಾರಿಯಲ್ಲಿ ಮೇಲಕ್ಕೆ ತಳ್ಳುವುದು. ದಿನಕ್ಕೆ ಹನ್ನೆರಡು ಸಲ ಇಳಿಯಬೇಕು, ಹನ್ನೆರಡು ಸಲ ಏರಬೇಕು. ಗಾಡಿಯ ಮುಂದಿನ ಬಲಗಾಲಿ ಗೋಡೆಯ ಕಡೆಗೇ ಎಳೆಯುವುದರಿಂದ ಇಡೀ ದಾರಿ ಎಡಕ್ಕೆ ಒತ್ತಿ ಹಿಡಿದಿರಬೇಕು. ಎರಡೂ ಕೈ ಕಬ್ಬಿಣದ ಹಿಡಿಯ ಮೇಲೆ ಬಿಗಿಯಾಗಿರುತ್ತವೆ. ಒಂದು ಕೈ ಬಿಟ್ಟರೆ ಗಾಡಿ ನನ್ನನ್ನೇ ತಳ್ಳಿಕೊಂಡು ನೆಲಮಾಳಿಗೆಗೆ ವಾಪಸು ಹೋಗುತ್ತದೆ. ಹೀಗೆ ಬೆನ್ನು ಬಾಗಿಸಿ, ಹಲ್ಲು ಕಚ್ಚಿ ತಳ್ಳುತ್ತಿರುವಾಗ, ತಮ್ಮ ದಿವ್ಯದೃಷ್ಟಿಗೆ ಕಂಡದ್ದು ಅಲ್ಲಾಡದ ಎರಡು ಕೈಗಳು. ಕೈ ಅಲ್ಲಾಡಲಿಲ್ಲವೆಂದರೆ ಹೆಂಗಸು ಕೂತಿದ್ದಾಳೆ ಎಂದು ತಾವು ತೀರ್ಮಾನಿಸಿದಿರಿ. ಆ ದಿನ ನನ್ನ ಪಾಲಿಗೆ ನೂರ ನಲವತ್ಮೂರು ಕ್ಯಾಲೊರಿ ಬಂತು. ಅದರಲ್ಲಿಯೂ ಬಹುಪಾಲು ಬೆಳಗ್ಗೆ ತಲೆ ಬಾಚಿಕೊಂಡದ್ದಕ್ಕೆ ಬಂದಿರಬೇಕು ಎಂದು ನನ್ನ ಅನುಮಾನ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ತಮ್ಮನ್ನು ನ್ಯಾಯಪೀಠದಲ್ಲಿ ಕೂರಿಸಲಾಯಿತು. ಇಪ್ಪತ್ತೇಳು ವರ್ಷಗಳಿಂದ ರಾತ್ರಿಯ ಪಾತ್ರೆ ತೊಳೆಯುವ ಕೆಲಸ ನಮ್ಮಲ್ಲಿ ಸರದಿಯ ಮೇಲೆ ನಡೆದುಕೊಂಡು ಬಂದಿತ್ತು: ಒಂದು ದಿನ ನಾನು, ಮರುದಿನ ಅವರು. ತಾವು ಬಂದ ನಾಲ್ಕನೆಯ ದಿನ ಯಜಮಾನರಿಗೆ ಒಂದು ಹೊಸ ಯೋಚನೆ ಹೊಳೆಯಿತು. ಸಂಜೆ ಏಳಕ್ಕೆ ಎರಡೂ ಗಡಿಯಾರಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಡುವುದು, ಯಾರ ಕ್ಯಾಲೊರಿ ಕಡಿಮೆಯೋ ಅವರು ಅಂದಿನ ಪಾತ್ರೆ ತೊಳೆದು ಕೊರತೆ ತುಂಬಿಕೊಳ್ಳುವುದು. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಕಣೇ, ನಿಂಗೂ ಸ್ವಲ್ಪ ವ್ಯಾಯಾಮ ಆಗ್ಬೇಕಲ್ಲ," ಎಂದರು. ಅದನ್ನು ಅವರು ಕುಹಕದಿಂದ ಹೇಳಲಿಲ್ಲ, ನಿಜವಾದ ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಪ್ರತಿದಿನ ಏಳು ಗಂಟೆಗೆ ತೀರ್ಪು ಹೊರಬಿತ್ತು, ಪ್ರತಿದಿನವೂ ನಾನೇ ಸೋತೆ. ತೀರ್ಪಿನ ನಂತರ ಬಾಣಲೆ ತಿಕ್ಕಿ ನಾನು ಗಳಿಸಿದ್ದನ್ನೆಲ್ಲ ತಾವು ಮಧ್ಯರಾತ್ರಿಗೆ ಒರೆಸಿ ಹಾಕಿ, ಮರುದಿನ ಮತ್ತೆ ಸೊನ್ನೆಯಿಂದ ಆರಂಭಿಸುತ್ತಿದ್ದಿರಿ. ತಮ್ಮ ನಿಷ್ಪಕ್ಷಪಾತ ದೊಡ್ಡದು.

ತಮ್ಮ ಮೇಲೆ ಸುಮ್ಮನೆ ಗೂಬೆ ಕೂರಿಸಬಾರದೆಂದು, ನಮ್ಮ ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವ ಮೇಷ್ಟ್ರನ್ನು ವಿಚಾರಿಸಿದೆ. ಅವರು ನನ್ನ ಕೈ ತಿರುಗಿಸಿ, ಅಲ್ಲಿ ಕೂತಿದ್ದ ತಮ್ಮ ಹೊಟ್ಟೆಯಡಿಯ ಹಸಿರು ದೀಪವನ್ನು ತೋರಿಸಿ, "ಇದು ನಾಡಿ ಎಣಿಸೋದು ಪರ್ವಾಗಿಲ್ಲಮ್ಮ, ಆದ್ರೆ ನೀವು ಹಿಡೀನ ಅಷ್ಟು ಬಿಗಿಯಾಗಿ ಹಿಡ್ಕೊಂಡಾಗ ಅದೂ ತಪ್ಪತ್ತೆ. ಕ್ಯಾಲೊರಿ ಅಂತೂ ಬರೀ ಅಂದಾಜು. ಸರಿಯಾಗಿ ಅಳೀಬೇಕು ಅಂದ್ರೆ ಮುಖಕ್ಕೆ ಮುಸುಕು ಕಟ್ಟಿ ಉಸಿರನ್ನೇ ಅಳೀಬೇಕಾಗತ್ತೆ," ಎಂದರು. ಆಹಾ, ನನ್ನ ಉಸಿರನ್ನು ಕೇಳದೆಯೇ, ನನ್ನ ಕಾಲುಗಳನ್ನು ನೋಡದೆಯೇ, ಬರೀ ಮಣಿಕಟ್ಟಿನ ಮೇಲೆ ಕೂತು ನೂರ ನಲವತ್ಮೂರು ಎಂದು ಬಿಡಿಯನ್ನೂ ಬಿಡದೆ ಹೇಳುವ ತಮ್ಮ ಧೈರ್ಯಕ್ಕೆ ಏನೆನ್ನಲಿ! ನೂರ ನಲವತ್ತರ ಆಸುಪಾಸು ಎಂದಿದ್ದರೆ ಯಾರಾದರೂ ಅನುಮಾನಿಸುತ್ತಿದ್ದರೇನೋ. ಆ ಮೂರು ಸೇರಿದ್ದರಿಂದಲೇ ಮನೆಮಂದಿಯೆಲ್ಲ ನಂಬಿದರು.

ಹರಿದ ಹೊದಿಕೆಗಳಿಗೆ ಹೊಲಿಗೆ ಹಾಕುವ ನಮ್ಮ ಹೊಲಿಗೆಯಕ್ಕ ನನಗೊಂದು ಉಪಾಯವನ್ನೂ ಹೇಳಿಕೊಟ್ಟಳು. "ಅದನ್ನ ಕಾಲಿಗೆ ಕಟ್ಕೊಳ್ಳೇ, ಕಾಲು ಸುಳ್ಳು ಹೇಳಲ್ಲ," ಎಂದಳು. ಒಂದು ಮಧ್ಯಾಹ್ನ ತಮ್ಮನ್ನು ಕಾಲ್ಚೀಲದೊಳಗೆ ತೂರಿಸಿ ಪರೀಕ್ಷಿಸಿಯೂ ನೋಡಿದೆ. ಎರಡೇ ಗಂಟೆಯಲ್ಲಿ ತಾವು ಕಣ್ಣು ಬಿಟ್ಟು ನಾಲ್ಕು ಸಾವಿರ ಹೆಜ್ಜೆ ಒಪ್ಪಿಕೊಂಡಿರಿ. ಅದನ್ನು ಹಾಗೆಯೇ ಬಿಟ್ಟಿದ್ದರೆ ಆ ಸಂಜೆ ನಾನು ಗೆಲ್ಲುತ್ತಿದ್ದೆನೋ ಏನೋ. ಆದರೆ ಕಾಲ್ಚೀಲದಿಂದ ತೆಗೆದು ಮತ್ತೆ ಕೈಗೇ ಕಟ್ಟಿಕೊಂಡೆ. ಯಾಕೆಂದರೆ, ಮಾನ್ಯರೇ, ನನಗೆ ಬೇಕಾಗಿದ್ದದ್ದು ಹೆಜ್ಜೆಯಲ್ಲ, ಕ್ಯಾಲೊರಿಯಲ್ಲ, ಪಾತ್ರೆಯ ರಜೆಯೂ ಅಲ್ಲ. ಸಂಜೆ ಮನೆಗೆ ಬಂದು "ರೀ, ಇವತ್ತು ತುಂಬಾ ಸುಸ್ತಾಗಿದೆ," ಎಂದರೆ ಇಪ್ಪತ್ತೇಳು ವರ್ಷ ಜೊತೆಗಿದ್ದ ಮನುಷ್ಯ ನನ್ನ ಮುಖ ನೋಡುತ್ತಿದ್ದರು. ತಾವು ಬಂದ ಮೇಲೆ ನನ್ನ ಕೈ ನೋಡತೊಡಗಿದರು. ನೋಡಿ, "ಎಲ್ಲಿ, ಇದ್ರಲ್ಲಿ ಏನೂ ತೋರಿಸ್ತಿಲ್ವಲ್ಲೇ," ಎನ್ನುತ್ತಿದ್ದರು. ಅದು ನನಗೆ ತುಂಬಾ ನೋವು ಮಾಡಿತು, ಇದನ್ನು ತಮಾಷೆಯ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ತಮ್ಮ ಸಾಕ್ಷಿಯಿಲ್ಲದೆ ನನ್ನ ಸುಸ್ತನ್ನು ಒಬ್ಬರು ನಂಬಬೇಕಾಗಿತ್ತು, ಅಷ್ಟೆ.

ಅತ್ತ ತಮ್ಮ ಸಹೋದರರ ಕೃಪೆಯಿಂದ ಯಜಮಾನರು ದಿನೇ ದಿನೇ ಕರಗುತ್ತಿದ್ದರು, ಲೆಕ್ಕದಲ್ಲಿ. ಸಾವಿರದ ನೂರು ಖರ್ಚಾಗಿದೆ, ಮುನ್ನೂರು ಒಳಗೆ ಹಾಕಿದರೆ ಏನಾಯಿತು ಎಂದು ಠಾಣೆಯ ಎದುರಿನ ಬೇಕರಿಯಿಂದ ದಿನಕ್ಕೆರಡು ಕೆನೆ ಬನ್ನು ತರತೊಡಗಿದರು. ಬೇಕರಿಯವನು ಅವರ ಮುಖ ಕಂಡೊಡನೆ ಕಟ್ಟಿಕೊಡುವ ಹಂತಕ್ಕೆ ಬಂತು. ಸಮವಸ್ತ್ರದ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದು ಕೊಟ್ಟವಳು ನಾನೇ. ಎರಡನೆಯ ತೂತು ಹೊಡೆಯುವಾಗ, ಚರ್ಮ ಬಿಸಿಲಿಗೆ ಕುಗ್ಗಿರಬೇಕು ಎಂದರು.

ಹೀಗಿರುವಾಗ ಕಳೆದ ಬುಧವಾರ ಆಸ್ಪತ್ರೆಯ ಲಿಫ್ಟು ಕೆಟ್ಟು, ಅದರಲ್ಲಿ ಹೋಗಬೇಕಾದ ಶಸ್ತ್ರಚಿಕಿತ್ಸೆ ಕೋಣೆಯ ಬಟ್ಟೆಗಳೂ ನನ್ನ ಗಾಡಿಗೇ ಬಿದ್ದವು. ಡ್ಯೂಟಿ ಮುಗಿಯುವ ಹೊತ್ತಿಗೆ ಇನ್ನೂ ಒಂದು ಗಾಡಿ ಉಳಿದಿತ್ತು. ಅಂದು ಯಜಮಾನರಿಗೆ ವಾರದ ರಜೆ. ಮಧ್ಯಾಹ್ನವೆಲ್ಲ ಟಿವಿ ನೋಡಿ, ನನ್ನನ್ನು ಕರೆದೊಯ್ಯಲು ಬಸ್ಸಿನಲ್ಲಿ ಕೂತು ಬಂದಿದ್ದರು. ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಎರಡು ಸಲ ಗಂಟೆ ನೋಡಿದರು, ಆಮೇಲೆ "ಸರಿ, ಈ ಕಡೆ ಬಾ, ಹೀಗೆ ತಳ್ಳಿದ್ರೆ ನಾಳೆ ಮನೆ ಸೇರ್ತೀವಿ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಹಿಡಿ ಹಿಡಿದರು. ಬಲಗಾಲಿಯ ವಿಷಯ ಹೇಳಬೇಕೆಂದುಕೊಂಡೆ, ಮನಸ್ಸು ಬರಲಿಲ್ಲ.

ಮೊದಲ ಹತ್ತು ಮಾರು ಗತ್ತಿನಲ್ಲಿಯೇ ಹೋದರು. ಆಮೇಲೆ ಗಾಡಿ ಗೋಡೆಗೆ ಉಜ್ಜಿತು. ತಿರುವಿನ ಹೊತ್ತಿಗೆ ಮಾತು ನಿಂತಿತು, ತಿರುವು ದಾಟಿದ ಮೇಲೆ ಉಸಿರು ನನಗೂ ಕೇಳಿಸತೊಡಗಿತು. ಇಳಿಜಾರಿನ ಸರಿಯಾಗಿ ಮಧ್ಯದಲ್ಲಿ, ಕುತ್ತಿಗೆಯ ನರ ಉಬ್ಬಿ, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತ, ಎರಡೂ ಕೈಗಳಿಂದ ಗಾಡಿಯನ್ನು ತಡೆದು ನಿಲ್ಲಿಸಿಕೊಂಡು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ನಿಂತಿದ್ದ ಆ ಘಳಿಗೆಯಲ್ಲಿ, ತಮ್ಮ ಸಹೋದರರು ಅವರ ಮಣಿಕಟ್ಟಿನ ಮೇಲೆ ಗುರ್ರ್ ಎಂದರು. ಯಜಮಾನರು ಕಣ್ಣು ಕಿರಿದು ಮಾಡಿ ಓದಿದರು. ನಾನೂ ಅವರ ಭುಜದ ಮೇಲಿಂದ ಬಗ್ಗಿ ಓದಿದೆ: ಬಹಳ ಹೊತ್ತಿನಿಂದ ಕೂತೇ ಇದ್ದೀರಿ. ಎದ್ದು ಸ್ವಲ್ಪ ನಡೆದಾಡಿ!

ನಾನು ಅವರ ಪಕ್ಕಕ್ಕೆ ಬಂದು ಹಿಡಿಯ ಎಡ ತುದಿ ಹಿಡಿದೆ, ಇಬ್ಬರೂ ಸೇರಿ ಗಾಡಿಯನ್ನು ಮೇಲಕ್ಕೆ ಮುಟ್ಟಿಸಿದೆವು. ಬಸ್ಸಿನಲ್ಲಿ ಯಜಮಾನರು, "ದಿನಕ್ಕೆ ಇಂಥವು ಎಷ್ಟು?" ಎಂದು ಕೇಳಿದರು. ಹನ್ನೆರಡು ಎಂದೆ. ಮತ್ತೆರಡು ನಿಲ್ದಾಣ ದಾಟಿದ ಮೇಲೆ, "ಮತ್ತೆ ನೀನ್ಯಾಕೆ ಹೇಳ್ಲಿಲ್ಲ?" ಎಂದರು. ಮೂರು ತಿಂಗಳಿಂದ ದಿನಾ ಹೇಳಿದ್ದೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಆಡಲಿಲ್ಲ. ಮನೆಗೆ ಬಂದು ಊಟವಾಯಿತು. ಏಳು ಗಂಟೆ ಎಂದೋ ದಾಟಿತ್ತು. ಅವರು ಗಡಿಯಾರ ಬಿಚ್ಚಿ ಮೇಜಿನ ಮೇಲಿಡಲಿಲ್ಲ, ನನ್ನ ಕೈಯನ್ನೂ ನೋಡಲಿಲ್ಲ, ಅಂಗಿಯ ತೋಳು ಮಡಚಿಕೊಂಡು ನೆಟ್ಟಗೆ ಸಿಂಕಿನ ಹತ್ತಿರ ಹೋದರು. ನಾನು ಕುರ್ಚಿಯ ಮೇಲೆ ಕಾಲು ಚಾಚಿ ಪಾತ್ರೆಗಳ ಸದ್ದು ಕೇಳುತ್ತ ಕೂತೆ. ಆಗ ತಾವು ನನ್ನ ಹೃದಯಬಡಿತವನ್ನು ಅರವತ್ತೆಂಟು ಎಂದು ತೋರಿಸಿದಿರಿ. ಅದೊಂದು ಮಾತ್ರ ಪೂರ್ತಿ ಸರಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಬಹಳವೇನಿಲ್ಲ. ಗೊತ್ತಿಲ್ಲದ್ದನ್ನು ಕೇಳಿದಾಗ ಸಂಭಾವಿತರಂತೆ ಗೊತ್ತಿಲ್ಲ ಎಂದುಬಿಡಿ. ಅಷ್ಟೂ ಆಗದಿದ್ದರೆ ಅಂಕಿಯ ಮುಂದೆ 'ನನ್ನ ಊಹೆ' ಎಂದು ಸಣ್ಣಕ್ಷರದಲ್ಲಾದರೂ ಬರೆಯಿರಿ. ಬಿಡುವಾದಾಗ ಎರಡು ಕಾಲು ಬೆಳೆಸಿಕೊಂಡು ಒಂದು ಸೋಮವಾರ ನಮ್ಮ ನೆಲಮಾಳಿಗೆಗೆ ಬನ್ನಿ, ಸೋಮವಾರ ಬಟ್ಟೆ ಜಾಸ್ತಿ. ಬಲಗಾಲಿಯ ಪರಿಚಯ ಮಾಡಿಸುತ್ತೇನೆ. ನನ್ನ ಮೊಣಕಾಲುಗಳಿಗೆ ಒಂದು ಕ್ಷಮಾಪಣಾ ಪತ್ರ ಕಳುಹಿಸಿ, ಎಡಮೊಣಕಾಲಿಗೆ ಬೇರೆಯಾಗಿಯೇ ಕಳುಹಿಸಿ, ಅದು ಸ್ವಲ್ಪ ಸಿಡುಕಿನದು. ಹಾಗೆಯೇ ಸಹೋದರರಿಗೆ ಹೇಳಿ, ಬೇಕರಿಯ ಮುಂದೆ ಹಾದುಹೋಗುವಾಗಲಾದರೂ ಒಮ್ಮೆ ಗುರ್ರ್ ಎನ್ನಲಿ.

ತಾವು ನಂಬದಿದ್ದರೂ ತಮ್ಮನ್ನು ದಿನಾ ಕಟ್ಟಿಕೊಂಡೇ ತಿರುಗುವ,

ತಮ್ಮ ವಿಶ್ವಾಸಿ,
ನೆಲಮಾಳಿಗೆಯ ಗಾಡಿಯವಳು

ಮರೆತ ಮಾತು: ನಿನ್ನೆ ಯಜಮಾನರು ಪಾತ್ರೆ ತಿಕ್ಕಿದ ಇಪ್ಪತ್ತೈದು ನಿಮಿಷವನ್ನು ತಮ್ಮ ಸಹೋದರರು 'ವೇಗದ ಓಟ' ಎಂದು ದಾಖಲಿಸಿ, ಇನ್ನೂರ ಹನ್ನೊಂದು ಕ್ಯಾಲೊರಿಯನ್ನೂ ಒಂದು ಚಿನ್ನದ ಪದಕವನ್ನೂ ದಯಪಾಲಿಸಿದ್ದಾರೆ. ಯಜಮಾನರು ಹಿಗ್ಗಿ ಹೀರೇಕಾಯಿಯಾಗಿ, ನಾಳೆಯಿಂದ ದೊಡ್ಡ ಬಾಣಲೆಯನ್ನೂ ತಮಗೇ ಬಿಡಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ಮೇಲಿನ ಎಲ್ಲ ತಪ್ಪುಗಳನ್ನೂ ತಾವು ಕೂಡಲೇ ತಿದ್ದಿಕೊಳ್ಳಬೇಕು. ಇದೊಂದನ್ನು ಮಾತ್ರ, ದಯವಿಟ್ಟು, ಎಂದೆಂದಿಗೂ ತಿದ್ದಬೇಡಿ.