ಮೇಸ್ತ್ರಿಯ ಕಾರ್ಡಿನಲ್ಲಿ ನನ್ನ ಹೆಸರು

ಯಲಹಂಕದಲ್ಲಿ ನಮ್ಮದು ನಾಲ್ಕು ತಲೆಮಾರಿನ ಮನೆ. ನಮ್ಮ ಮಾವನವರು ಕಟ್ಟಿದ ಶಾಲೆಯ ಗೋಡೆ ಇವತ್ತಿಗೂ ಬಿರುಕು ಬಿಟ್ಟಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಫಾರಂ ತುಂಬುವಾಗ ಒಂದು ಚುಕ್ಕೆಯೂ ತಪ್ಪಬಾರದೆಂದು ಸಿಸ್ಟರುಗಳು ಕಲಿಸಿದ್ದಾರೆ. ಮನೆ ಕಟ್ಟಿಕೊಡುವ ನಮ್ಮ ಸಣ್ಣ ಕಂಪನಿಯ ಕಾಗದಪತ್ರವೆಲ್ಲ ನನ್ನ ಕೈಯಲ್ಲಿ. ಕೆಲಸದವರಿಗೆ ಆರೋಗ್ಯ ವಿಮೆ ಕಡ್ಡಾಯ ಎಂದಾಗಿನಿಂದ ಏನಾದರೊಂದು ನಡೆಯುತ್ತಲೇ ಇದೆ. ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

೧. ಮೋಲ್ಡ್ ದಿನ

ಹತ್ತು ಜನರಿದ್ದರೆ ವಿಮೆ ಕಡ್ಡಾಯ. ನಮ್ಮಲ್ಲಿ ಎಂಟು. ವಿಮಾ ಕಚೇರಿಯವರು ಕೋಗಿಲಿನ ಸೈಟಿಗೆ ಬಂದದ್ದು ಸರಿಯಾಗಿ ಮೋಲ್ಡ್ ದಿನ. ಛಾವಣಿಗೆ ಕಾಂಕ್ರೀಟ್ ಬಿದ್ದ ದಿನ ಮನೆ ಕಟ್ಟಿಸುವವರು ಎಲ್ಲರಿಗೂ ಬಾಡೂಟ ಹಾಕುವುದು ಪದ್ಧತಿ. ಅವರ ನೆಂಟರೂ ಪಂಕ್ತಿಯಲ್ಲಿದ್ದರು. ಅಧಿಕಾರಿ ಎಲೆ ಎಣಿಸಿ, ಮೂವತ್ತೊಂದು ಎಂದು ಬರೆದುಕೊಂಡರು.

"ರೀ, ಆ ಕೊನೇಲಿ ಕೂತಿರೋರು ಮನೆ ಕಟ್ಟಿಸೋರ ಭಾವ!"

"ಊಟ ಮಾಡ್ತಿದಾರಲ್ಲ ಮೇಡಂ. ಕೆಲಸ ಮಾಡ್ದೆ ಯಾರ್ ಹಾಕ್ತಾರೆ?"

ಆ ಭಾವ ಜೀವಮಾನದಲ್ಲಿ ದುಡಿದದ್ದು ಆ ಒಂದು ಕಡತದಲ್ಲಿ ಮಾತ್ರ.

೨. ಹತ್ತು ಬೆರಳು

ಹಾಗಾದರೂ ಆಗಲಿ, ನಮ್ಮ ಎಂಟು ಜನಕ್ಕೆ ಒಳ್ಳೆಯದೇ ಎಂದುಕೊಂಡು ಮೊದಲು ಮೇಸ್ತ್ರಿಯನ್ನು ಕಚೇರಿಗೆ ಕರೆದೊಯ್ದೆ. ಮಧುಗಿರಿ ಕಡೆಯವನು; ಹೆಂಡತಿ ಊರಲ್ಲಿ, ಇವನು ಸೈಟಿನ ಶೆಡ್ಡಿನಲ್ಲಿ. ಸಿಮೆಂಟು ಅವನ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿದೆ. ಬೆರಳಚ್ಚಿನ ಯಂತ್ರ ಹತ್ತು ಬೆರಳನ್ನೂ ಒಪ್ಪಲಿಲ್ಲ.

"ಒಂದ್ ಆರ್ ತಿಂಗಳು ಸಿಮೆಂಟ್ ಮುಟ್ಟಬೇಡಪ್ಪ, ಗೆರೆ ಬರುತ್ತೆ," ಎಂದರು ಗುಮಾಸ್ತರು.

"ಆಗ ನಾನು ಕೆಲಸದೋನೇ ಅಲ್ವಲ್ಲ ಸಾಮಿ!"

ಕೊನೆಗೆ ಕಣ್ಣು ತೋರಿಸಿ ನೋಂದಣಿಯಾಯಿತು. ಶೆಡ್ಡು ವಿಳಾಸವಲ್ಲ ಎಂದದ್ದಕ್ಕೆ ನಮ್ಮ ಮನೆ ವಿಳಾಸ ಕೊಟ್ಟೆ. ಸಂಪರ್ಕಕ್ಕೆ ನನ್ನ ಹೆಸರು.

೩. ಸಂಬಂಧ

ಕಳೆದ ತಿಂಗಳು ಮೇಸ್ತ್ರಿ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ. ಅವತ್ತೇ ಆಪರೇಷನ್ ಆಗದಿದ್ದರೆ ಕಾಲು ಉಳಿಯದು ಎಂದರು ಡಾಕ್ಟರು. ಆಸ್ಪತ್ರೆಯ ಕೌಂಟರಿನ ಹುಡುಗಿ ನನ್ನ ಹೆಸರು ಬರೆದುಕೊಂಡು, ಮೇಸ್ತ್ರಿಯ ಕಾರ್ಡು ನೋಡಿ, "ಹೆಂಡತಿ ಸಹಿ ಬೇಕು," ಎಂದಳು.

"ಊರಿಂದ ಬಸ್ ಹತ್ತಿದಾಳೆ."

"ಇಲ್ಲೇ ನಿಂತಿದೀರಲ್ಲ ಆಂಟಿ! ಇದು ನಿಮ್ ಹೆಸರೇ ತಾನೇ?"

ಇಬ್ಬರಿಗೂ ಒಂದೇ ವಿಳಾಸ ಕಂಡು ವಿಮಾ ಕಚೇರಿಯವರು ನನ್ನನ್ನು ಮೇಸ್ತ್ರಿಯ ಹೆಂಡತಿ ಮಾಡಿದ್ದರು. ತಿದ್ದಲು ಏಳು ದಿನವಂತೆ.

ಸ್ಟ್ರೆಚರಿನ ಮೇಲಿಂದ ಮೇಸ್ತ್ರಿ ಕೈಮುಗಿದ. "ಬ್ಯಾಡಿ ಅಮ್ಮಾವ್ರೇ, ಕಾಲ್ ಓದ್ರೆ ಓಗ್ಲಿ. ನನ್ ಎಂಡ್ರಿಗೆ ಏನಂತ ಏಳ್ಲಿ?"

ಜೊತೆಗೆ ಬಂದಿದ್ದ ನನ್ನ ಯಜಮಾನರು ಪೆನ್ನು ಚಾಚಿದರು. "ಹಾಕ್ಬಿಡೇ, ಅವನ ಕಾಲು ಉಳೀಲಿ. ಬೇಕಾದ್ರೆ ನಾನು ಸಾಕ್ಷಿ ಹಾಕ್ತೀನಿ."

ಸಹಿ ಹಾಕಿದೆ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ "ನಾನು ಇವನ ಹೆಂಡತಿಯಲ್ಲ" ಎಂದೂ ಬರೆದೆ. ಅದನ್ನು ಯಾರೂ ಓದಲಿಲ್ಲ.

ಸಂಜೆ ಬಾಗಿಲಲ್ಲಿ ಗಲಾಟೆ. ಊರಿಂದ ಬಂದ ಹೆಂಡತಿಯನ್ನು ಗಾರ್ಡು ತಡೆದಿದ್ದ. "ಪೇಷೆಂಟ್ ಹೆಂಡ್ತಿ ಆಗ್ಲೇ ಒಳಗಿದಾರಮ್ಮ."

ಇಡೀ ಆಸ್ಪತ್ರೆಗೆ ಕೇಳುವಂತೆ ಅವಳು ಕೂಗಿದಳು: "ಅಂಗಾದ್ರೆ ನಾನ್ಯಾವೋಳು?"

ಕಾಲು ಕೂಡುತ್ತಿದೆ. ಕಾರ್ಡು ಇನ್ನೂ ತಿದ್ದಿಲ್ಲ. ವಿಮಾ ಕಚೇರಿಯವರು ನಮ್ಮಿಬ್ಬರ ಕ್ಷಮೆ ಕೇಳಬೇಕು, ಬರಹದಲ್ಲಿ. ಮೊದಲು ಮೇಸ್ತ್ರಿಯ ಹೆಂಡತಿಯದು, ಆಮೇಲೆ ನನ್ನದು.